ಹುದುಗು ಏಳದ ಮಡಕೆ ಮತ್ತು ಚಾರ್ವಾಕ

ಅರಿವು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಹೆಂಡದ ಮಡಕೆಯನ್ನು ಸಾಕ್ಷಿಗೆ ಕರೆದವರು ಚಾರ್ವಾಕರು. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕು ಸೇರಿ ದೇಹವಾಗುತ್ತದೆ. ಹಾಗೆ ಸೇರಿದಾಗ ಅದರಲ್ಲಿ ಚೈತನ್ಯ ತಾನಾಗಿ ಹುಟ್ಟುತ್ತದೆ, ಹುದುಗಿನ ಸಾಮಾನುಗಳು ಸೇರಿದಾಗ ಅಮಲಿನ ಶಕ್ತಿ ಹುಟ್ಟುವ ಹಾಗೆ. ಅಕ್ಕಿ ತಿಂದವನಿಗೆ ಅಮಲೇರುವುದಿಲ್ಲ, ಬೆಲ್ಲ ತಿಂದವನಿಗೂ ಇಲ್ಲ. ಕೂಡಿಸಿ ಮುಚ್ಚಿಟ್ಟರೆ ಏರುತ್ತದೆ. ಹೊರಗಿನಿಂದ ಯಾರೂ ಬಂದು ಅಮಲನ್ನು ಒಳಗಿಟ್ಟು ಹೋಗಲಿಲ್ಲ. ಆತ್ಮವನ್ನೂ ಯಾರೂ ಒಳಗಿಟ್ಟಿಲ್ಲ, ದೇಹ ಬಿದ್ದ ಮೇಲೆ ಹೊರಗೆ ಹೋಗುವುದಕ್ಕೂ ಯಾರೂ ಇಲ್ಲ. ಶ್ರಾದ್ಧ, ಪಿಂಡ, ಸ್ವರ್ಗ, ಮರುಹುಟ್ಟು ಎಲ್ಲವೂ ಒಂದೇ ಏಟಿಗೆ ಹೋದವು.

ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಬೀದಿಯ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಕೂತು ಸರ್ವದರ್ಶನಸಂಗ್ರಹ ಓದುತ್ತೇವೆ. ಎಲ್ಲರೂ ರಿಟೈರ್ ಆದವರೇ. ಬ್ಯಾಂಕಿನವರು, ರೈಲ್ವೆಯವರು, ಬಿನ್ನಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರು. ನಾನು ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳುತ್ತಿದ್ದವಳು. ಪಾಠ ಮಾಡುವವರು ಸಂಸ್ಕೃತದ ಮೇಷ್ಟ್ರು. ಎಲ್ಲರ ಬಾಯಲ್ಲಿ ಅವರು ಶಾಸ್ತ್ರಿಗಳು. ಪುಸ್ತಕ 14ನೇ ಶತಮಾನದ್ದು, ವಿಜಯನಗರ ಸಾಮ್ರಾಜ್ಯದ ಕಾಲದ ಮಾಧವರದು. ಆ ಮಾಧವರು ಶೃಂಗೇರಿಯ ವಿದ್ಯಾರಣ್ಯರೇ ಹೌದೋ, ಬೇರೆ ಮಾಧವರೋ ಎಂಬ ಜಗಳವನ್ನು ವಿದ್ವಾಂಸರು ಇನ್ನೂ ಮುಗಿಸಿಲ್ಲ. ಆ ಸಾಮ್ರಾಜ್ಯದ ಹೆಸರಿಟ್ಟ ಬಡಾವಣೆಯಲ್ಲಿ, ಹಂಪಿನಗರದ ಲೈಬ್ರರಿ ನಡೆದು ಹೋಗುವಷ್ಟು ಹತ್ತಿರ ಇರುವಾಗ, ಈ ಪುಸ್ತಕ ಓದುವುದು ನನಗೆ ಒಂದು ಖುಷಿ. ಹದಿನಾರು ದರ್ಶನಗಳನ್ನು ಮಾಧವರು ಸಾಲಾಗಿ ನಿಲ್ಲಿಸುತ್ತಾರೆ. ಮೊದಲ ಮೆಟ್ಟಿಲಲ್ಲಿ ಚಾರ್ವಾಕ, ತುದಿಯಲ್ಲಿ ಶಂಕರ. ಸಾಲು ನೋಡಿದರೇ ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನವಾಗಿದೆ ಅನ್ನಿಸುತ್ತದೆ. ಆದರೂ ಮಾಧವರು ಎದುರಾಳಿಗೆ ಮೋಸ ಮಾಡಿಲ್ಲ. ಚಾರ್ವಾಕರ ಸ್ವಂತ ಗ್ರಂಥಗಳು ಉಳಿಯಲಿಲ್ಲ. ಅವರು ಏನಂದರು ಎಂಬುದು ನಮಗೆ ಬಹುಪಾಲು ತಿಳಿದದ್ದು ಅವರನ್ನು ಸೋಲಿಸಲು ಹೊರಟವರ ಬಾಯಿಂದ. ಅಂಥ ಬಾಯಿಗಳಲ್ಲಿ ಮಾಧವರದು ಉದಾರವಾದದ್ದು.

"ಈ ಅಧ್ಯಾಯ ಬೇಗ ಮುಗಿಸಿಬಿಡೋಣ, ಮುಂದೆ ಬೇಕಾದಷ್ಟಿದೆ" ಅಂದಿದ್ದರು ಶಾಸ್ತ್ರಿಗಳು. ಮುಗಿಯಲಿಲ್ಲ. ಅದಕ್ಕೆ ಕಾರಣ ಮಿನಿಯಾಪೊಲಿಸ್‌ನಲ್ಲಿರುವ ನನ್ನ ಅಣ್ಣನ ಮಗ.

ಅವನು ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅಮೆರಿಕದಲ್ಲಿ 1978ರ ಒಂದು ಕಾನೂನು ಬಂದ ಮೇಲೆ ಸ್ವಂತಕ್ಕೆ, ಮಾರದೆ, ಇಷ್ಟು ಗ್ಯಾಲನ್ ಅಂತ ಮಾಡಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಬಸವೇಶ್ವರನಗರದ ಅಡುಗೆಮನೆಯಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಬಕೆಟ್ ಇಟ್ಟರೆ ಅದು ಅಪರಾಧ. ನಾನು ಕುಡಿಯುವವಳಲ್ಲ, ಕುಡಿಯುವವರನ್ನು ಕಂಡರೆ ಮೂಗು ಮುರಿಯುವವಳೂ ಅಲ್ಲ. ಡಿಸೆಂಬರಿನ ಒಂದು ರಾತ್ರಿ ಅವನ ಫೋನ್ ಬಂತು.

"ಅತ್ತೆ, ಎರಡು ದಿನ ಆಯ್ತು, ಒಂದು ಗುಳ್ಳೆ ಇಲ್ಲ. ಯೀಸ್ಟ್ ಸತ್ತೋಗಿದೆ ಅನ್ಸುತ್ತೆ. ಚೆಲ್ಲಿಬಿಡ್ಲಾ? ಅಪ್ಪಂಗೆ ಮಾತ್ರ ಹೇಳ್ಬೇಡಿ."

ಚೆಲ್ಲುವುದಕ್ಕೆ ಮುಂಚೆ ಅಳೆಯಬೇಕು. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಸುಮಾರು 66 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಟ್ಟು, ಸಿಹಿ ರಸ ಬಸಿದು, ಹಾಪ್ಸ್ ಹೂ ಹಾಕಿ ಕುದಿಸಿ, ತಣಿಸಿ, 19 ಲೀಟರಿನಷ್ಟು ಬಕೆಟ್ಟಿಗೆ ಸುರಿದು, 11 ಗ್ರಾಂ ಪ್ಯಾಕೆಟ್ಟಿನ ಒಣ ಯೀಸ್ಟ್ ಮೇಲೆ ಉದುರಿಸಿದ್ದ. ಇಲ್ಲಿಯವರೆಗೆ ಸರಿ. ಮುಚ್ಚಳದ ಮೇಲೆ ಏರ್‌ಲಾಕ್ ಅಂತ ಒಂದು ಚಿಕ್ಕ ಕೊಳವೆ, ಅದರಲ್ಲಿ ನೀರು. ಒಳಗಿನ ಅನಿಲ ಆ ನೀರನ್ನು ದಾಟಿ ಬುಳುಬುಳು ಅನ್ನಬೇಕು. ಅನ್ನುತ್ತಿಲ್ಲ.

"ಗುಳ್ಳೆ ಬಿಡೋ. ಹೈಡ್ರೋಮೀಟರ್ ಹಾಕಿದ್ಯಾ?"

ಹಾಕಿರಲಿಲ್ಲ. ಹಾಕಿ ಬಂದ. ಮೊದಲ ದಿನ 1.050 ಇದ್ದದ್ದು ಈಗ 1.047. ಸಕ್ಕರೆ ಕರಗಿದ ರಸ ನೀರಿಗಿಂತ ಭಾರ. ಯೀಸ್ಟ್ ಸಕ್ಕರೆ ತಿಂದ ಹಾಗೆಲ್ಲ ಆ ಅಂಕಿ ಇಳಿಯುತ್ತದೆ. ಇಳಿದಿದೆ ಅಂದರೆ ಯಾರೋ ತಿನ್ನುತ್ತಿದ್ದಾರೆ. ಹುದುಗು ಸತ್ತಿಲ್ಲ, ಮಂದವಾಗಿದೆ. ಗುಳ್ಳೆ ಕಾಣದ್ದಕ್ಕೆ ಮುಚ್ಚಳ ಸರಿಯಾಗಿ ಕೂರದೆ ಅನಿಲ ಪಕ್ಕದಿಂದ ಸೋರಿದ್ದು ಕಾರಣ. ಇನ್ನು ಮಂದ ಯಾಕಾಯಿತು? ಬಕೆಟ್ ಬೇಸ್‌ಮೆಂಟಿನಲ್ಲಿ, ಅಲ್ಲಿ 14 ಡಿಗ್ರಿ. ಅವನು ಹಾಕಿದ್ದು ಏಲ್ ಯೀಸ್ಟು, ಅದಕ್ಕೆ 18ರಿಂದ 20 ಬೇಕು. ತಣಿದ ರಸವನ್ನು ಚೆನ್ನಾಗಿ ಕುಲುಕಿದ್ಯಾ ಅಂತ ಕೇಳಿದೆ, ಇಲ್ಲ ಅಂದ. ಕುದಿಸಿದ ರಸದಲ್ಲಿ ಆಮ್ಲಜನಕ ಉಳಿದಿರುವುದಿಲ್ಲ. ಯೀಸ್ಟ್ ಮೊದಲು ಸಂಖ್ಯೆಯಲ್ಲಿ ಬೆಳೆಯಬೇಕು. ಹೊಸ ಕೋಶದ ಪೊರೆ ಕಟ್ಟುವ ಕೊಬ್ಬಿನಂಶ ಮಾಡಿಕೊಳ್ಳಲು ಅದಕ್ಕೆ ಶುರುವಿನಲ್ಲಿ ಒಂದಿಷ್ಟು ಗಾಳಿ ಬೇಕೇ ಬೇಕು. ಒಮ್ಮೆ ಹುದುಗು ಹಿಡಿದ ಮೇಲೆ ಅದೇ ಗಾಳಿ ಬಿಯರನ್ನು ಕೆಡಿಸುತ್ತದೆ. ಕೊನೆಗೆ ಪ್ಯಾಕೆಟ್ಟಿನ ತಾರೀಖು ಕೇಳಿದೆ. ಹೋದ ವರ್ಷದ್ದು, ಬೇಸಿಗೆಯಲ್ಲೆಲ್ಲ ಗ್ಯಾರೇಜಿನಲ್ಲಿ ಬಿದ್ದಿತ್ತಂತೆ. ಒಣಗಿಸಿಟ್ಟ ಕೋಶಗಳಲ್ಲಿ ಎಷ್ಟೋ ಅಲ್ಲೇ ಹೋಗಿರುತ್ತವೆ. ಉಳಿದವು ದೊಡ್ಡ ಬಕೆಟ್ಟಿಗೆ ಸಾಕಾಗುತ್ತಿಲ್ಲ.

ಬಕೆಟ್ ಮೇಲಕ್ಕೆ ತಂದು ಕಂಬಳಿ ಸುತ್ತು, ಮುಚ್ಚಳ ತೆಗೆಯದೆ ಮೆಲ್ಲಗೆ ಆಡಿಸಿ ತಳಕ್ಕೆ ಕೂತದ್ದನ್ನು ಎಬ್ಬಿಸು, ಒಂದು ದಿನ ಕಾದು ಮತ್ತೆ ಅಳೆ, ಅಂಕಿ ಇಳಿಯದಿದ್ದರೆ ಹೊಸ ಯೀಸ್ಟನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಎಬ್ಬಿಸಿ ಹಾಕು, ಆಸೆಗೆ ಬಿದ್ದು ಸಕ್ಕರೆ ಸುರಿಯಬೇಡ, ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಬೇಡ ಅಂದೆ. ಹೊಸ ಪ್ಯಾಕೆಟ್ಟಿನ ಅಗತ್ಯ ಬೀಳಲಿಲ್ಲ. 1.012ಕ್ಕೆ ಬಂದು ನಿಂತಿತು. ಅಲ್ಲಿಗೆ ಅವನ ಕತೆ ಮುಗಿಯಿತು, ನಮ್ಮದು ಶುರುವಾಯಿತು.

ಭಾನುವಾರ ನಾನು ಇದನ್ನು ಸಭೆಯ ಮುಂದಿಟ್ಟೆ. ಚಾರ್ವಾಕ ಹೇಳಿದ ಸಾಮಾನೆಲ್ಲ ಬಕೆಟ್ಟಿನಲ್ಲಿತ್ತು, ಆದರೂ ಎರಡು ದಿನ ಶಕ್ತಿ ಸರಿಯಾಗಿ ಹುಟ್ಟಲಿಲ್ಲ.

ಶಾಸ್ತ್ರಿಗಳಿಗೆ ಸಂತೋಷವೋ ಸಂತೋಷ. "ನೋಡಿದಿರಾ! ಭೂತಗಳು ಸೇರಿದರೆ ಸಾಲದು. ಅವನ್ನು ನಡೆಸುವ ಇನ್ನೊಂದು ಬೇಕು."

"ಬೇಕಾಗಿದ್ದದ್ದು ಐದಾರು ಡಿಗ್ರಿ ಶಾಖ, ಶಾಸ್ತ್ರಿಗಳೇ."

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ಏಳದ ಹುದುಗಿನ ಮುಂದೆ ಕೂತು ಕಾರಣ ಹುಡುಕಿದವರು ಕೊಡುವ ಪಟ್ಟಿ ನೋಡಿ: ಶಾಖ, ಗಾಳಿ, ಯೀಸ್ಟಿನ ವಯಸ್ಸು, ಅದರ ಲೆಕ್ಕ, ನಲ್ಲಿ ನೀರಿನ ಕ್ಲೋರಿನ್, ಬಾರ್ಲಿಯನ್ನು ಅತಿ ಬಿಸಿನೀರಿನಲ್ಲಿ ಇಟ್ಟರೆ ಯೀಸ್ಟಿಗೆ ತಿನ್ನಲಾಗದ ಸಕ್ಕರೆಗಳು ಹೆಚ್ಚಾಗುವುದು. ಇಂಥ ಪಟ್ಟಿಯಲ್ಲಿ ಆತ್ಮ ಎಂಬ ಸಾಲು ಬರೆಯುವ ಪ್ರಸಂಗವೇ ಬರುವುದಿಲ್ಲ. ಇದು ಚಾರ್ವಾಕನ ಪರವಾದ ವಾದ, ಅವನ ಉಪಮೆಗಿಂತ ಗಟ್ಟಿಯಾದದ್ದು. ಉಪಮೆ ಒಂದು ಹೋಲಿಕೆ ಮಾತ್ರ. ಕೆಟ್ಟದ್ದನ್ನು ಸರಿಮಾಡುವಾಗ ಮಾತ್ರ ಏನಿಲ್ಲದೆ ಕೆಲಸ ನಿಂತಿತ್ತು ಎಂಬುದು ಕೈಗೆ ಸಿಗುತ್ತದೆ.

ಆಗ ಬ್ಯಾಂಕಿನಲ್ಲಿದ್ದ ನಮ್ಮ ಗೆಳತಿ ಬಾಯಿ ಹಾಕಿದರು: "ಬಿಯರ್ ನಮಗೆ ಗೊತ್ತಿಲ್ಲಮ್ಮ. ದೋಸೆ ಹಿಟ್ಟು ಗೊತ್ತು. ಅದರಲ್ಲಿ ಕೈಗುಣ ಅನ್ನೋದು ಒಂದಿದೆ. ನಮ್ಮತ್ತೆ ಕಲಸಿಟ್ಟರೆ ಎಂಥ ಚಳೀಲೂ ಬೆಳಿಗ್ಗೆ ಪಾತ್ರೆ ತುಂಬಿರೋದು. ನಾನು ಅದೇ ಅಕ್ಕಿ ಅದೇ ಬೇಳೆ ಹಾಕಿದ್ರೂ ಅಲ್ಲೇ ಮಲಗಿರೋದು."

ಪಶ್ಚಿಮ ಬೆಂಗಳೂರಿನ ಯಾವ ಅಡುಗೆಮನೆಯಲ್ಲೂ ಡಿಸೆಂಬರ್, ಜನವರಿಯಲ್ಲಿ ಈ ಮಾತು ಕೇಳಿಬರುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಚಳಿಗಾಲದ ಬೆಳಗಿನ ಜಾವ 15 ಡಿಗ್ರಿಗೆ ಇಳಿಯುವುದು ಮಾಮೂಲು. ನಾನು ಪಾತ್ರೆಯನ್ನು ಓವನ್ನಿನೊಳಗಿಟ್ಟು ಬರೀ ದೀಪ ಹಾಕುತ್ತೇನೆ. ದೀಪದ ಕಾವೇ ಸಾಕು. ನಡುರಾತ್ರಿ ಬಾಗಿಲು ತೆಗೆದರೆ ಹುಳಿಯ ಮೊದಲ ವಾಸನೆ, ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳ ಒಂದು ಸಾಲು. ಬೆಳಿಗ್ಗೆ ಸೌಟು ಇಳಿಸಿದರೆ ಹಿಟ್ಟು ಜೇನುಗೂಡಿನಂತೆ ಬಾಯಿಬಿಡುತ್ತದೆ. ಇದಕ್ಕೆ ನಾವು ಯೀಸ್ಟ್ ಹಾಕುವುದಿಲ್ಲ. ಏನೂ ಹಾಕುವುದಿಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು ಅಂತ 1965ರಲ್ಲೇ ತೋರಿಸಿದ್ದಾರೆ. ಅದು ಬೇಳೆಯ ಜೊತೆಯಲ್ಲೇ ಬಂದಿರುತ್ತದೆ. ಬೇಳೆ ಹಳೆಯದಾದರೆ, ರುಬ್ಬುವಾಗ ಗ್ರೈಂಡರ್ ಕಾದರೆ, ನೀರು ಹೆಚ್ಚಾದರೆ ಹಿಟ್ಟು ಮಲಗುತ್ತದೆ. ಗೆಳತಿಯ ಅತ್ತೆ ಒರಳಿನಲ್ಲಿ ರುಬ್ಬುತ್ತಿದ್ದರಂತೆ, ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತಿದ್ದರಂತೆ. ಕೈಗುಣದ ಬಹುಪಾಲು ಅಲ್ಲಿದೆ. ಪೂರ್ತಿ ಅಲ್ಲಿದೆ ಅಂತ ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಅಕ್ಕಿ, ಉದ್ದಿನ ಮಾತು ಬಂದದ್ದು ಒಳ್ಳೆಯದಾಯಿತು. ಚಾರ್ವಾಕನ ಉಪಮೆಯಲ್ಲಿ ಬರುವ ಕಿಣ್ವ ಎಂದರೆ ಇವತ್ತಿನ ಪಠ್ಯಪುಸ್ತಕದ ಎಂಜೈಮ್ ಅಲ್ಲ, ಸುರೆ ಮಾಡುವವರು ಕಟ್ಟಿಡುತ್ತಿದ್ದ ಹುದುಗಿನ ಮುದ್ದೆ. ಅದನ್ನು ಮಾಡುವ ಕ್ರಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರಾಧ್ಯಕ್ಷನ ಅಧ್ಯಾಯದಲ್ಲಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿ ಸಿಕ್ಕಿ 1909ರಲ್ಲಿ ಅಚ್ಚಾದ ಗ್ರಂಥ. ಉದ್ದನ್ನು ಹಸಿಯಾಗಿಯೋ ಬೇಯಿಸಿಯೋ ಮಾಡಿದ ಮುದ್ದೆ ಒಂದು ದ್ರೋಣ, ಅದಕ್ಕೆ ಮೂರನೇ ಒಂದು ಭಾಗ ಹೆಚ್ಚಿಗೆ ಅಕ್ಕಿ, ಮೊರಟ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಇದನ್ನು ನಾನು ಓದಿದಾಗ ಮಹಡಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಉದ್ದು, ಅಕ್ಕಿ! ಮೂಲಿಕೆ ಬಿಟ್ಟರೆ ಸಾಮಾನು ನಮ್ಮದೇ. ಬಿನ್ನಿ ಮಿಲ್ಲಿನ ಹಿರಿಯರು ಮಾತ್ರ "ಹಾಗಾದರೆ ನಾವೆಲ್ಲ ಅರ್ಧ ದಾರಿಯಲ್ಲಿ ನಿಂತವರು" ಅಂದರು. ಹಬ್ಬ ಹುಣ್ಣಿಮೆಗಳಲ್ಲಿ, ಮನೆಯ ಕಾರ್ಯಗಳಲ್ಲಿ ಗೃಹಸ್ಥರು ಸ್ವಂತಕ್ಕೆ ಬಿಳಿ ಸುರೆ ಮಾಡಿಕೊಳ್ಳಬಹುದೆಂದೂ ಕೌಟಿಲ್ಯ ಬಿಟ್ಟುಕೊಟ್ಟಿದ್ದಾನೆ. ನಮ್ಮ ಅಬಕಾರಿ ಇಲಾಖೆಗಿಂತ ಮೃದು.

ಈಗ ಎದುರಾಳಿಗಳಿಗೆ ಬರೋಣ. ಸಾಂಖ್ಯಸೂತ್ರದ ಉತ್ತರ ಚುಟುಕಾದದ್ದು: ಅಮಲಿನ ಶಕ್ತಿ ಒಂದೊಂದು ಸಾಮಾನಿನಲ್ಲೂ ಸೂಕ್ಷ್ಮವಾಗಿ ಇದ್ದೇ ಇರುತ್ತದೆ, ಅದಕ್ಕೇ ಸೇರಿದಾಗ ಎದ್ದು ಕಾಣುತ್ತದೆ, ಮಣ್ಣಿನಲ್ಲಿ, ನೀರಿನಲ್ಲಿ ಅರಿವು ಅಣುವಷ್ಟೂ ಕಾಣದು, ಹಾಗಾಗಿ ಸೇರಿದರೂ ಬಾರದು. ಜೈನರೂ ಇದನ್ನೇ ಹೇಳುತ್ತಾರೆ. ದೇಹ ಬೇರೆ ಜೀವ ಬೇರೆಯೇ ಎಂಬ ಸಂಶಯದಿಂದ ಬಂದ ವಾಯುಭೂತಿಗೆ ಮಹಾವೀರರು ಕೊಟ್ಟ ಉತ್ತರವೆಂದು ಜಿನಭದ್ರರ ವಿಶೇಷಾವಶ್ಯಕಭಾಷ್ಯದಲ್ಲಿ ಬರುವ ಚರ್ಚೆಯಲ್ಲಿ ಧಾತಕಿ ಹೂವಿನ ಉದಾಹರಣೆಯೇ ಇದೆ. ಆ ಹೂವನ್ನು ಇವತ್ತಿಗೂ ಆಯುರ್ವೇದದವರು ಆಸವ, ಅರಿಷ್ಟಗಳು ಹುದುಗಲೆಂದು ಹಾಕುತ್ತಾರೆ. ದ್ರಾಕ್ಷಾರಿಷ್ಟದ ಬಾಟಲಿ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಕಡಿಮೆ.

ಕೆಮಿಸ್ಟ್ರಿಯವಳಾಗಿ ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೆಲ್ಲದಲ್ಲಿ ಸೂಕ್ಷ್ಮವಾದ ಆಲ್ಕೋಹಾಲ್ ಅಡಗಿ ಕೂತಿಲ್ಲ. ಸಕ್ಕರೆಯ ಅಣು ಒಡೆದು, ಬಂಧಗಳು ಬದಲಾಗಿ, ಮೊದಲು ಇಲ್ಲದ ವಸ್ತು ಹುಟ್ಟುತ್ತದೆ. ಈ ವಿಷಯದಲ್ಲಿ ಚಾರ್ವಾಕನದೇ ಸರಿ: ಬಿಡಿಯಲ್ಲಿ ಇಲ್ಲದ ಗುಣ ಇಡಿಯಲ್ಲಿ ಹೊಸದಾಗಿ ಬರಬಹುದು. ಆದರೆ ಸಾಂಖ್ಯರು, ಜೈನರು ಇನ್ನೊಂದನ್ನು ಮುಟ್ಟಿದ್ದರು. ಸಾಮಾನಿನಲ್ಲಿ ಮೊದಲೇ ಏನೋ ಇದೆ ಅಂದರಲ್ಲ, ಇತ್ತು. ಉದ್ದಿನ ಮೇಲೆ, ಹೂವಿನ ಮೇಲೆ, ಕಣ್ಣಿಗೆ ಕಾಣದ ಜೀವ ಇತ್ತು. ಚಾರ್ವಾಕ ಜಡವೆಂದು ತಿಳಿದು ಕೈಯಲ್ಲಿ ಹಿಡಿದ ಕಿಣ್ವದ ಮುದ್ದೆ ಕೋಟಿ ಕೋಟಿ ಜೀವಗಳ ಊರು. ಜಡದಿಂದ ಚೈತನ್ಯ ಹುಟ್ಟುತ್ತದೆ ಅಂತ ತೋರಿಸಲು ಅವನು ಆರಿಸಿಕೊಂಡ ಸಾಕ್ಷಿಯೇ ಜೀವಂತ! ಕೋರ್ಟಿನಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಯಾವ ವಕೀಲನಿಗೂ ಬಿದ್ದಿರಲಾರದು.

ಇದೇ ಜಗಳ ಯುರೋಪಿನಲ್ಲೂ ಆಯಿತು, ದೇವರ ಹೆಸರು ಹೇಳದೆ. 1837ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ಲಾತೂರ್, ಜರ್ಮನಿಯ ಶ್ವಾನ್, ಕ್ಯೂಟ್ಸಿಂಗ್ ಮೂವರೂ ಬೇರೆ ಬೇರೆಯಾಗಿ ಯೀಸ್ಟ್ ಜೀವಿ ಎಂದರು. ಲೀಬಿಗ್, ವೋಲರ್ ಎಂಬ ದೊಡ್ಡ ಕೆಮಿಸ್ಟರಿಗೆ ನಗು ಬಂತು. 1839ರಲ್ಲಿ ಹೆಸರು ಹಾಕದೆ ಒಂದು ಅಣಕ ಬರೆದು ಅಚ್ಚು ಹಾಕಿಸಿದರು: ಯೀಸ್ಟ್ ಎನ್ನುವುದು ಭಟ್ಟಿಯ ಆಕಾರದ ಪುಟ್ಟ ಪ್ರಾಣಿ, ಬಾಯಲ್ಲಿ ಸಕ್ಕರೆ ತಿನ್ನುತ್ತದೆ, ಹಿಂದಿನಿಂದ ಆಲ್ಕೋಹಾಲ್ ಬಿಡುತ್ತದೆ. ಲೀಬಿಗ್‌ಗೆ ಹುದುಗು ಎಂದರೆ ಕೊಳೆಯುವ ವಸ್ತುವಿನ ರಾಸಾಯನಿಕ ನಡುಕ, ಅಷ್ಟೇ. ಆಮೇಲೆ ಪಾಶ್ಚರ್ ಬಂದರು. 1857ರಿಂದ ಮುಂದೆ ಒಂದೊಂದಾಗಿ ತೋರಿಸಿದರು, ಜೀವವಿಲ್ಲದೆ ಹುದುಗಿಲ್ಲ, ಜೀವಕ್ಕೆ ಜೀವವೇ ಮೂಲ. ಶಾಸ್ತ್ರಿಗಳಿಗೆ ಪಾಶ್ಚರ್ ಎಷ್ಟು ಹಿಡಿಸಿದರೆಂದರೆ ಅವರನ್ನು ಅರ್ಧ ವೈದಿಕ ಮಾಡಿಬಿಟ್ಟರು.

ಆದರೆ 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಕೋಶಗಳನ್ನು ಒಡೆದು, ಹಿಂಡಿ ರಸ ತೆಗೆದರು. ಆ ರಸ ಕೆಡದಿರಲೆಂದು ಸಕ್ಕರೆ ಹಾಕಿದರೆ ಗುಳ್ಳೆ ಏಳತೊಡಗಿತು. ಒಂದೇ ಒಂದು ಬದುಕಿರುವ ಕೋಶವಿಲ್ಲ, ಹುದುಗು ನಡೆಯುತ್ತಿದೆ. 1907ರಲ್ಲಿ ನೊಬೆಲ್ ಬಂತು. ಜೀವ ಮಾಡುತ್ತಿದ್ದ ಕೆಲಸವನ್ನು ಜೀವದ ರಸವೇ ಮಾಡಬಲ್ಲದು ಅಂದಾಗ, ಜೀವ ಎಂಬ ಬೇರೆ ಶಕ್ತಿಗೆ ಮಡಕೆಯಲ್ಲಿ ಜಾಗ ಉಳಿಯಲಿಲ್ಲ. ಚಾರ್ವಾಕನ ಸಾಕ್ಷಿ ಮತ್ತೆ ಕಟಕಟೆ ಹತ್ತಿದ. "ಆ ರಸ ಎಲ್ಲಿಂದ ಬಂತು? ಜೀವ ಇದ್ದ ಯೀಸ್ಟಿನಿಂದ ತಾನೇ?" ಅಂದರು ಶಾಸ್ತ್ರಿಗಳು. ಸರಿಯಾದ ಪ್ರಶ್ನೆ. ಅದಕ್ಕೆ ನನ್ನಲ್ಲಿರುವ ಉತ್ತರ ಅರ್ಧದ್ದು: ಜೀವವಿಲ್ಲದ ರಸಾಯನಗಳಿಂದಲೇ ಮೊದಲ ಜೀವ ಎದ್ದಿರಬೇಕೆಂದು 1929ರಲ್ಲಿ ಹಾಲ್ಡೇನ್ ಬರೆದರು, ಮುಂದೆ ಭಾರತಕ್ಕೆ ಬಂದು ಇಲ್ಲಿನವರೇ ಆಗಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್. ಹೇಗೆ ಎದ್ದಿತು ಎಂಬುದನ್ನು ಯಾರೂ ಇನ್ನೂ ಮಾಡಿ ತೋರಿಸಿಲ್ಲ.

ಇಲ್ಲಿಯವರೆಗಿನದು ಜೀವದ ಪ್ರಶ್ನೆ. ಶಂಕರರು ಎತ್ತಿದ್ದು ಬೇರೆ. ಬ್ರಹ್ಮಸೂತ್ರ ಭಾಷ್ಯದ ಮೂರನೇ ಅಧ್ಯಾಯದಲ್ಲಿ ಲೋಕಾಯತರ, ಅಂದರೆ ಚಾರ್ವಾಕರ, ಈ ಅಮಲಿನ ಉಪಮೆಯನ್ನು ಎದುರಿಗಿಟ್ಟುಕೊಂಡು ಅವರು ಎರಡು ಉತ್ತರ ಕೊಡುತ್ತಾರೆ. ಮೊದಲನೆಯದು, ಶವದಲ್ಲಿ ದೇಹ ಇದೆ, ಅರಿವಿಲ್ಲ. ಅರಿವು ದೇಹದ ಗುಣವಾಗಿದ್ದರೆ ರೂಪ ಬಣ್ಣಗಳ ಹಾಗೆ ಅದೂ ಉಳಿಯಬೇಕಿತ್ತು. ಈ ಉತ್ತರ ನನಗೆ ಸಪ್ಪೆ. ಗ್ಯಾರೇಜಿನ ಬೇಸಿಗೆಯಲ್ಲಿ ಸತ್ತ ಯೀಸ್ಟಿನಲ್ಲೂ ಕೋಶ ಇದೆ, ಕೆಲಸವಿಲ್ಲ. ಅದರಿಂದ ಯೀಸ್ಟಿಗೆ ಆತ್ಮವಿತ್ತು, ಹಾರಿಹೋಯಿತು ಅಂತ ಯಾರೂ ಹೇಳುವುದಿಲ್ಲ. ಪೊರೆ ಹರಿದಿದೆ, ರಚನೆ ಕೆಟ್ಟಿದೆ. ಶವವೂ ಹಾಗೆಯೇ, ಹೊರಗಿನಿಂದ ಮಾತ್ರ ಅದೇ ದೇಹ.

ಎರಡನೆಯದು ಬೇರೆ ತೂಕದ್ದು. ಭೂತಗಳೂ ಅವುಗಳಿಂದಾದ ದೇಹವೂ ಅರಿವಿಗೆ ಕಾಣುವ ವಸ್ತುಗಳು. ಅರಿವು ಅವುಗಳದ್ದೇ ಗುಣವಾದರೆ ಅದು ಅವನ್ನು ಕಾಣುವುದು ಹೇಗೆ? ಬೆಂಕಿ ಎಷ್ಟು ಬಿಸಿಯಾದರೂ ತನ್ನನ್ನೇ ಸುಡದು, ಎಷ್ಟು ಪಳಗಿದ ದೊಂಬರವನಾದರೂ ತನ್ನ ಹೆಗಲ ಮೇಲೆ ತಾನೇ ಹತ್ತಲಾರ. ನನ್ನ ತೊಂದರೆಯ ಪಟ್ಟಿಯಲ್ಲಿ ಶಾಖ, ಗಾಳಿ, ವಯಸ್ಸು ಎಲ್ಲ ಇತ್ತು. ಬಕೆಟ್ ಏಳಲಿಲ್ಲ ಅಂತ ಫೋನ್ ಮಾಡಿದವನ ಕಳವಳ ಇರಲಿಲ್ಲ. ಪಟ್ಟಿ ಮಾಡುವಾಗ ನಾನು ಅದನ್ನು ಬಿಟ್ಟದ್ದು ಬೇಕಂತಲೇ, ಯಾಕೆಂದರೆ ಅದರಿಂದ ಬಕೆಟ್ಟಿಗೆ ಏನೂ ಆಗುವುದಿಲ್ಲ. ಆದರೆ ಪಟ್ಟಿಯಿಂದ ಒಂದನ್ನು ಮೊದಲೇ ಹೊರಗಿಟ್ಟು, ಪಟ್ಟಿಯಲ್ಲಿ ಅದಿಲ್ಲ, ಆದ್ದರಿಂದ ಅದು ಇಲ್ಲವೇ ಇಲ್ಲ ಅನ್ನುವುದು ನ್ಯಾಯವಲ್ಲ. ಚಾರ್ವಾಕನ ಪರವಾಗಿ ನಾನೇ ಕಟ್ಟಿದ ಗಟ್ಟಿ ವಾದದ ಗಡಿ ಇಷ್ಟು.

ನನ್ನ ತಂದೆ ರಾಜಾಜಿನಗರದಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ಕೊನೆಗಾಲದಲ್ಲಿ ಸ್ಟ್ರೋಕ್ ಆಗಿ ಮಾತು ಹೋಯಿತು. ಪೂರ್ತಿ ಹೋಗಲಿಲ್ಲ. ರುದ್ರವನ್ನು ಸ್ವರ ತಪ್ಪದೆ ಹೇಳುತ್ತಿದ್ದರು, ನೀರು ಬೇಕು ಅನ್ನಲಾಗುತ್ತಿರಲಿಲ್ಲ. ಲೋಟ ಅನ್ನಲು ಹೋಗಿ ಕೊಡೆ ಅನ್ನುತ್ತಿದ್ದರು. ಬಾಯಿಪಾಠ ಉಳಿದು ಮಾತು ಹೋಗುವುದು ಇಂಥವರಲ್ಲಿ ಅಪರೂಪವಲ್ಲ ಅಂತ ಡಾಕ್ಟರ್ ವಿವರಿಸಿದರು; ಎರಡೂ ಮೆದುಳಿನ ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಅವತ್ತು ನಾನು ಚಾರ್ವಾಕನಿಗೆ ಬಹಳ ಹತ್ತಿರವಿದ್ದೆ. ರಕ್ತ ಹೆಪ್ಪುಗಟ್ಟಿ ಇಷ್ಟೇ ಇಷ್ಟು ಜಾಗ ಕೆಟ್ಟರೆ ಮನುಷ್ಯನ ಮಾತಿನ ಜಗತ್ತೇ ಅಳಿಸುವುದಾದರೆ, ದೇಹ ಬಿಟ್ಟು ಮುಂದಕ್ಕೆ ಹೋಗುವುದು ಯಾವುದು? ಆದರೆ ಕೊಡೆ ಅಂದ ಕೂಡಲೇ ಅವರ ಮುಖ ಗಂಟಾಗುತ್ತಿತ್ತು. ತಲೆ ಅಲ್ಲಾಡಿಸಿ, ಅದಲ್ಲ, ಅದಲ್ಲ ಅಂತ ಕೈ ಮಾಡುತ್ತಿದ್ದರು. ಬಂದ ಪದ ತಪ್ಪು ಅಂತ ಅವರಿಗೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದ್ದದ್ದು ಯಾರಿಗೆ? ಶಂಕರರಾದರೆ ಸಾಕ್ಷಿ ಅನ್ನುತ್ತಾರೆ. ಚಾರ್ವಾಕ, ಕೆಡದೆ ಉಳಿದ ಇನ್ನೊಂದು ಭಾಗ ಅನ್ನುತ್ತಾನೆ. ಮಂಚದ ಪಕ್ಕ ಕೂತವಳಿಗೆ ಇಬ್ಬರ ಮಾತೂ ಕಣ್ಣಮುಂದಿನದಕ್ಕೆ ಸರಿಹೊಂದುತ್ತಿತ್ತು. ಇಬ್ಬರಲ್ಲಿ ಒಬ್ಬರನ್ನು ಬಿಡಿಸುವ ಪರೀಕ್ಷೆ ನನಗೆ ತಿಳಿದ ಕೆಮಿಸ್ಟ್ರಿಯಲ್ಲಿ ಇಲ್ಲ.

ಅದಕ್ಕೇ ಶಾಸ್ತ್ರಿಗಳ ಜೊತೆ ನನ್ನ ತಕರಾರು ಇದೊಂದೇ. ಚಾರ್ವಾಕನನ್ನು ಕುಡುಕರ ದಾರ್ಶನಿಕ ಅಂತ ನಗಾಡಿ ಮುಂದೆ ಹೋಗುವ ಹಾಗಿಲ್ಲ. ಜೀವದ ಮಟ್ಟಿಗೆ ಅವನು ಬಹುತೇಕ ಗೆದ್ದಿದ್ದಾನೆ, ಇಷ್ಟು ಹಳೆಯ ಕಾಲದಲ್ಲಿ, ಮೈಕ್ರೋಸ್ಕೋಪ್ ಇಲ್ಲದೆ. ಅರಿವಿನ ಮಟ್ಟಿಗೆ ಅವನ ಮಡಕೆ ಮಾತಾಡುವುದಿ​ಲ್ಲ. ಅಮಲು ಹುಟ್ಟಿತು ಅನ್ನುವುದನ್ನು ತೋರಿಸುತ್ತದೆ, ಅಮಲೇರಿತು ಅಂತ ಯಾರಿಗೆ ಅನ್ನಿಸಿತು ಎಂಬುದನ್ನು ಕುಡಿದವನನ್ನೇ ಕೇಳಬೇಕು. ಶಾಸ್ತ್ರಿಗಳು ಮೊದಲ ಅರ್ಧ ಒಪ್ಪುವುದಿಲ್ಲ, ಎರಡನೆಯ ಅರ್ಧವನ್ನು ನಾನು ಒಪ್ಪಿದ್ದೇ ದೊಡ್ಡದೆಂದು ಸುಮ್ಮನಿದ್ದಾರೆ. ರೈಲ್ವೆಯವರಿಗೆ ಇಬ್ಬರ ಮೇಲೂ ಬೇಸರ, ಪುಸ್ತಕ ಮುಂದಕ್ಕೆ ಹೋಗುತ್ತಿಲ್ಲವೆಂದು.

ಬರುವ ಭಾನುವಾರ ಬೌದ್ಧರ ಅಧ್ಯಾಯ. ಇತ್ತ ಅಣ್ಣನ ಮಗ ಬಕೆಟ್ಟಿನ ತಳದಲ್ಲಿ ಕೂತಿದ್ದ ಯೀಸ್ಟಿನ ಗಸಿಯನ್ನು ತೊಳೆದು ಜಾಡಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದಾನೆ, ಮುಂದಿನ ಸಲಕ್ಕೆ. ಅದರಲ್ಲಿ ಪ್ಯಾಕೆಟ್ಟಿನಿಂದ ಉದುರಿದ್ದ ಮೂಲ ಕೋಶಗಳು ಬಹಳ ಕಡಿಮೆ ಇರುತ್ತವೆ. ಉಳಿದವು ಅವುಗಳ ಮಕ್ಕಳು, ಮೊಮ್ಮಕ್ಕಳು. ಹಾಗಾದರೆ ಜಾಡಿಯಲ್ಲಿರುವುದು ಅದೇ ಯೀಸ್ಟೋ ಬೇರೆಯದೋ? ಒಂದು ಉಳಿಯದೆಯೂ ಧಾರೆ ಮುಂದುವರಿಯಬಲ್ಲದು ಅನ್ನುವವರು ಬೌದ್ಧರು. ಶಂಕರರಿಗಿಂತ ಅವರ ಕೈಯಲ್ಲಿ ಚಾರ್ವಾಕನಿಗೆ ಹೆಚ್ಚು ಕಷ್ಟ ಅಂತ ನನ್ನ ಎಣಿಕೆ. ಆ ಜಾಡಿಯ ಫೋಟೋ ಕಳಿಸು ಅಂತ ಅವನಿಗೆ ಹೇಳಿದ್ದೇನೆ.